ಸಿನಿಮಾದ ಲಿಫ್ಟಪ್ಪ, ಸೀರಿಯಲ್ಲಿನ ಲಿಫ್ಟಪ್ಪ

ಮೂವತ್ತೊಂದು ವರ್ಷ ಲಿಫ್ಟು ನಡೆಸಿದ ಮನುಷ್ಯ ಮಗಳ ಮನೆಯ ಲಿಫ್ಟಿನಲ್ಲಿ ಆರನೇ ಮಹಡಿ ಅಂದುಕೊಂಡು ಅಪಾಯದ ಗಂಟೆ ಒತ್ತಿದ. ಬರೀ ಒತ್ತಿದ್ದರೆ ಹೋಗಲಿ, ಹಿತ್ತಾಳೆಯ ಹಿಡಿ ಹಿಡಿದು ಅಭ್ಯಾಸವಾದ ಕೈ, ಒತ್ತಿದ್ದನ್ನು ಬಿಡಲಿಲ್ಲ. ಗಂಟೆ ಎಂಟು ಮಹಡಿಗೂ ಕೇಳುವಂತೆ ಅರಚಿಕೊಂಡಿತು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿಗೆ ಅರ್ಧ ಗಡ್ಡ ಬೋಳಿಸಿಕೊಂಡವರೊಬ್ಬರು, ಸೌಟು ಹಿಡಿದವರೊಬ್ಬರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ವಾಚ್‌ಮನ್ ಸಾಲಾಗಿ ನಿಂತಿದ್ದರು.

"ಏನಿಲ್ಲ, ಏನಿಲ್ಲ. ನಮ್ಮಪ್ಪ ಗುಂಡಿ ತಪ್ಪಿ ಒತ್ತಿಬಿಟ್ರು" ಅಂದಳು ಮಗಳು, ತರಕಾರಿ ಚೀಲ ಎದೆಗವಚಿಕೊಂಡು.

"ಗುಂಡಿ ಅಂದ್ಮೇಲೆ ವಯಸ್ಸಾದೋರು ಬೀಳೋದು ಇದ್ದಿದ್ದೇ" ಅಂದ ಅಪ್ಪ.

ಯಾರಾದರೂ ನಗಬೇಕಿತ್ತು. ಯಾರೂ ನಗಲಿಲ್ಲ. ಕೆಳಗಿನಿಂದಲೂ ಮೂಲೆಗೆ ಅಂಟಿಕೊಂಡೇ ನಿಂತಿದ್ದ ಮೂರನೇ ಮಹಡಿಯ ಟೀಚರಮ್ಮ ಛಂಗನೆ ಹೊರಗೆ ಹಾರಿ, "ಇನ್ನೊಂದು ಮಹಡಿ ತಾನೆ, ನಾನು ನಡ್ಕೊಂಡೇ ಹೋಗ್ತೀನಿ" ಅಂದರು. ಹಾರಿದ ರಭಸಕ್ಕೆ ಒಂದು ಚಪ್ಪಲಿ ಲಿಫ್ಟಿನಲ್ಲೇ ಉಳಿಯಿತು. ಅಪ್ಪ ಬಗ್ಗಿ ಅದನ್ನೆತ್ತಿ ಕೊಡಲು ಹೋದ. ಟೀಚರಮ್ಮ ಕೈ ಚಾಚಲಿಲ್ಲ. ಕೊನೆಗೆ ವಾಚ್‌ಮನ್ ನಡುವೆ ಬಂದು ಇಸಿದುಕೊಂಡ.

ಬಾಗಿಲು ಮುಚ್ಚಿತು. ಆರನೇ ಮಹಡಿಯ ಗುಂಡಿಯನ್ನು ಮಗಳೇ ಒತ್ತಿದಳು.

"ಅವರಿಗೆ ಚಪ್ಪಲಿ ಬೇಡವಾಯ್ತೋ, ನಾನು ಬೇಡವಾದ್ನೋ?" ಅಂದ ಅಪ್ಪ.

ಮಗಳಿಗೆ ಉತ್ತರ ಗೊತ್ತಿತ್ತು. ಟೀಚರಮ್ಮನೂ ಆ ಸೀರಿಯಲ್ಲು ನೋಡುತ್ತಿದ್ದರು. ಇಡೀ ಕಟ್ಟಡವೇ ನೋಡುತ್ತಿತ್ತು. ಮೂರು ಕಂತು ಮುಗಿದಿತ್ತು, ಅವತ್ತು ಸಂಜೆ ಏಳಕ್ಕೆ ನಾಲ್ಕನೆಯದು.

ಅಪ್ಪನನ್ನು ಊರೆಲ್ಲ ಲಿಫ್ಟಪ್ಪ ಅಂತಲೇ ಕರೆಯುವುದು. ಇಪ್ಪತ್ತೆರಡರ ಪ್ರಾಯದಲ್ಲಿ ಐದು ಮಹಡಿಯ ಒಂದು ಹಳೇ ಕಟ್ಟಡಕ್ಕೆ ಸೇರಿಕೊಂಡ. ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟು, ಒಳಗೆ ಹಿತ್ತಾಳೆಯ ಹಿಡಿ, ಕೂರಲು ಮೂರು ಕಾಲಿನ ಮರದ ಸ್ಟೂಲು. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ಮಹಡಿಗೆ ಸರಿಯಾಗಿ ನಿಲ್ಲಿಸುವುದೇ ವಿದ್ಯೆ. ಹೊಸಬರು ನಿಲ್ಲಿಸಿದರೆ ಜನ ಒಂದು ಗೇಣು ಹತ್ತಬೇಕು ಇಲ್ಲವೇ ಒಂದು ಗೇಣು ಇಳಿಯಬೇಕು. ಲಿಫ್ಟಪ್ಪ ನಿಲ್ಲಿಸಿದರೆ ಹೊಸ್ತಿಲಿಗೂ ಲಿಫ್ಟಿಗೂ ನಡುವೆ ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ಐದು ಮಹಡಿಯವರ ಅಂತಸ್ತೂ ಅವನಿಗೆ ಗೊತ್ತು. ಅವನಿಗೆ ಮಾತ್ರ ಯಾವ ಅಂತಸ್ತೂ ಇರಲಿಲ್ಲ, ಇಡೀ ದಿನ ಮಹಡಿಗಳ ನಡುವೆಯೇ ಇರುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಬಚ್ಚಲ ಬಾಗಿಲು ಮುಚ್ಚುವಾಗಲೂ ಜಾಲರಿ ಎಳೆದಂತೆ ಎಳೆಯುತ್ತಿದ್ದ, ನಿದ್ದೆಯಲ್ಲಿ "ಯಾವ ಮಹಡಿ?" ಅನ್ನುತ್ತಿದ್ದ. ಅಮ್ಮ ಮಗ್ಗುಲು ಬದಲಿಸಿ "ಸೀದಾ ಮೇಲಕ್ಕೇ" ಅನ್ನುತ್ತಿದ್ದಳು.

ಮಗಳಿಗೆ ಆರು ವರ್ಷವಿದ್ದಾಗ ಆ ಕಟ್ಟಡದ ಐದನೇ ಮಹಡಿಯಲ್ಲಿ ಒಂದು ಕೊಲೆಯಾಯಿತು. ಸತ್ತವರು ನಿವೃತ್ತ ಹಲ್ಲಿನ ಡಾಕ್ಟರು. ಮದುವೆಯಾಗದ ಒಂಟಿ ಜೀವ, ಜೊತೆಗಿದ್ದವನು ಅಕ್ಕನ ಮಗನೊಬ್ಬನೇ. ಮಧ್ಯಾಹ್ನ ಮೂರಕ್ಕೂ ಐದಕ್ಕೂ ನಡುವೆ ಯಾರೋ ಅವರ ತಲೆಗೆ ಹೊಡೆದಿದ್ದರು. ಅಕ್ಕನ ಮಗ ಪೊಲೀಸರ ಮುಂದೆ ಹೇಳಿದ್ದು ಇಷ್ಟು: "ನಾನು ಮೂರಕ್ಕೇ ಹೊರಗೆ ಹೋದೆ. ಲಿಫ್ಟಿಗೆ ‘ಕೆಟ್ಟಿದೆ’ ಅಂತ ಬೋರ್ಡು ತಗಲಿಸಿತ್ತು, ಲಿಫ್ಟಿನವನೂ ಇರಲಿಲ್ಲ. ಮೆಟ್ಟಿಲಿಳಿದು ಹೋದೆ. ಆಮೇಲೆ ಯಾರು ಬೇಕಾದ್ರೂ ಹತ್ತಿ ಬಂದಿರಬಹುದು."

ಲಿಫ್ಟಪ್ಪ ಕೋರ್ಟಿನಲ್ಲಿ ಹೇಳಿದ್ದೂ ಇಷ್ಟೇ: "ಬೋರ್ಡಿರಲಿಲ್ಲ. ನಾನು ಅಲ್ಲೇ ಇದ್ದೆ. ಹೊರಗಿನೋರು ಯಾರೂ ಮೇಲೆ ಹೋಗಲಿಲ್ಲ." ಆ ಕಟ್ಟಡದಲ್ಲಿ ಮೆಟ್ಟಿಲುಗಳು ಲಿಫ್ಟನ್ನೇ ಸುತ್ತಿಕೊಂಡು ಮೇಲೇರುತ್ತಿದ್ದವು. ಕೆಳಗೆ ಸ್ಟೂಲಿನಲ್ಲಿ ಕೂತವನ ಕಣ್ಣು ತಪ್ಪಿಸಿ ಹತ್ತುವುದು ಸಾಧ್ಯವೇ ಇರಲಿಲ್ಲ. ಬೋರ್ಡಿನ ಮಾತು ಸುಳ್ಳಾದರೆ ಮೂರಕ್ಕೆ ಹೊರಗೆ ಹೋದೆ ಅಂದದ್ದೂ ಸುಳ್ಳು, ಹೊರಗಿನವರು ಬರಲಿಲ್ಲ ಅಂದ ಮೇಲೆ ಉಳಿದವನು ಒಳಗಿನವನೇ. ಅಕ್ಕನ ಮಗನಿಗೆ ಹನ್ನೆರಡು ವರ್ಷ ಜೈಲಾಯಿತು.

ಕೋರ್ಟಿನ ವರದಿಗಾರನೊಬ್ಬ ಇದನ್ನೇ ಕಾದಂಬರಿ ಮಾಡಿದ. ಎರಡು ವರ್ಷಕ್ಕೆ ಕಾದಂಬರಿ ಸಿನಿಮಾ ಆಯಿತು. ಸಿನಿಮಾದಲ್ಲಿ ಲಿಫ್ಟಿನವನ ಪಾತ್ರಕ್ಕೆ ಬಿದ್ದದ್ದು ಒಬ್ಬ ದಪ್ಪ ಹಾಸ್ಯನಟ. ಕಟಕಟೆಯಲ್ಲಿ ನಿಂತು, ಟೋಪಿ ಸರಿಮಾಡಿಕೊಂಡು, "ನನ್ನ ಕಣ್ಣು ತಪ್ಪಿಸಿ ಸೊಳ್ಳೆನೂ ಮೇಲೆ ಹೋಗಲ್ಲ ಸ್ವಾಮಿ!" ಅನ್ನುತ್ತಾನೆ. ಥಿಯೇಟರೆಲ್ಲ ಶಿಳ್ಳೆ. ಲಿಫ್ಟಪ್ಪ ಲಿಫ್ಟಪ್ಪನಾದದ್ದೇ ಆಮೇಲೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತರೂ "ಆ ಸೊಳ್ಳೆ ಡೈಲಾಗ್ ಹೇಳಿ" ಅನ್ನುವವರು. ಮಗಳನ್ನು ಶಾಲೆಯಲ್ಲಿ ಗೆಳತಿಯರು "ಸೊಳ್ಳೆ" ಅಂತಲೇ ಕರೆದರು. ಅವಳಿಗೆ ಅದರಲ್ಲಿ ಹೆಮ್ಮೆಯೇ. ಬೇರೆ ಹುಡುಗಿಯರ ಅಪ್ಪಂದಿರು ಸಿನಿಮಾ ನೋಡುವವರು, ತನ್ನಪ್ಪ ಸಿನಿಮಾದಲ್ಲೇ ಇರುವವನು.

ಈಗ ಮೂವತ್ತು ವರ್ಷದ ಮೇಲೆ ಅದೇ ಕಾದಂಬರಿಯನ್ನು ಟೀವಿಯವರು ಹತ್ತು ಕಂತಿಗೆ ಹಿಗ್ಗಿಸಿದ್ದರು. ಇದರಲ್ಲಿ ಹಾಡಿಲ್ಲ, ನಗೆಯಿಲ್ಲ, ಬೆಳಕೂ ಸಾಲದು. ಸಿನಿಮಾದಲ್ಲಿ ಹುರಿಮೀಸೆಯ ಖಳನಾಗಿದ್ದ ಅಕ್ಕನ ಮಗ ಇಲ್ಲಿ ಕರುವಿನ ಕಣ್ಣಿನ ಪಾಪದ ಹುಡುಗ. ಲಿಫ್ಟಿನವನೋ, ಕೆನ್ನೆ ಒಳಸೇರಿದ, ಕಣ್ಣ ಕೆಳಗೆ ಚೀಲ ಜೋತ, ಯಾರನ್ನೂ ನೇರ ನೋಡದ ಆಸಾಮಿ.

ಮಗಳಿಗೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ತಪ್ಪು ಕಂಡರೆ ಕೈ ತುರಿಸುತ್ತದೆ. ಮೊದಲ ಕಂತಿನ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ಮು ಎಳೆದಳು. ಎಡಕ್ಕೆ ಸಿನಿಮಾ, ಬಲಕ್ಕೆ ಸೀರಿಯಲ್ಲು. ಪ್ರತಿ ಶನಿವಾರ ಪಕ್ಕದ ಬೀದಿಯಿಂದ ಅಪ್ಪ ಅಮ್ಮ ಬರುತ್ತಾರೆ, ಏಳಕ್ಕೆ ಸೀರಿಯಲ್ಲು ನೋಡಿ ರಾತ್ರಿ ಅಲ್ಲೇ ಉಳಿಯುತ್ತಾರೆ. ಭಾನುವಾರ ಬೆಳಿಗ್ಗೆ ಅವಳು ಸಿನಿಮಾದ ಅದೇ ಭಾಗ ಹಾಕಿ ತಾಳೆ ನೋಡುತ್ತಾಳೆ. ಸೀರಿಯಲ್ಲಿನ ತಪ್ಪುಗಳನ್ನು ನೂರು ಮಾಡಿ, ಪಟ್ಟಿ ಸಮೇತ ಕಂಪನಿಗೆ ಪತ್ರ ಬರೆದು ಕ್ಷಮೆ ಕೇಳಿಸುವುದು ಅವಳ ಹಟ.

"ಬಾಗಿಲು ಯಾವ ಕೈಯಲ್ಲಿ ಎಳೀತಿದ್ದೆ ಅಪ್ಪ? ಸಿನಿಮಾದಲ್ಲಿ ಬಲಗೈ, ಇದ್ರಲ್ಲೂ ಬಲಗೈ."

"ಎರಡೂ ತಪ್ಪು. ಬಲಗೈ ಹಿಡಿ ಮೇಲಿರುತ್ತೆ. ಎಡಗೈಯಲ್ಲಿ ಎಳೀಬೇಕು."

"ಸ್ಟೂಲು?"

"ಸಿನಿಮಾದ್ದು ಸರಿ. ಇದ್ರಲ್ಲಿ ಉಕ್ಕಿನ ಕುರ್ಚಿ ಕೊಟ್ಟಿದ್ದಾರೆ. ಉಕ್ಕಿನ ಕುರ್ಚಿ ಕೊಟ್ಟಿದ್ರೆ ನನಗೆ ಬೆನ್ನು ನೋವು ಯಾಕೆ ಬರ್ತಿತ್ತು?"

ಅಳಿಯನಿಗೆ ಸೀರಿಯಲ್ಲು ಮೆಚ್ಚು. ಅತ್ತೆ ಮಾವನ ಮುಂದೆ ಅದನ್ನು ಹೇಳುವುದು ಹೇಗೆಂದು ಅವನು ಮೂರು ವಾರದಿಂದ ಒದ್ದಾಡುತ್ತಿದ್ದ. "ಅಲ್ಲ ಮಾವ, ಸಿನಿಮಾ ಎರಡೂವರೆ ಗಂಟೆ. ಅಷ್ಟರಲ್ಲಿ ಎಲ್ಲ ತೋರಿಸೋಕಾಗಲ್ಲ. ಇದ್ರಲ್ಲಿ ನಿಧಾನ ಇದೆ. ನಿಮ್ಮ ಪಾತ್ರಕ್ಕೂ ಸ್ವಲ್ಪ… ಆಳ ಬಂದಿದೆ."

"ಆಳಕ್ಕೆ ಇಳಿಸಿದ್ದಾರೆ ಅನ್ನಪ್ಪ" ಅಂದ ಲಿಫ್ಟಪ್ಪ. "ಮೇಲೆ ಹತ್ತಿಸೋದು ಸಿನಿಮಾದೋರು, ಇಳಿಸೋದು ಸೀರಿಯಲ್ಲಿನೋರು. ನನಗೆ ಎರಡೂ ಅಭ್ಯಾಸ."

ಆ ಸಂಜೆಯ ನಾಲ್ಕನೇ ಕಂತು ಪೂರ್ತಿ ಕೋರ್ಟಿನದು. ಅಕ್ಕನ ಮಗ ಬೋರ್ಡಿನ ಮಾತು ಎತ್ತಿದ. ಸಿನಿಮಾದಲ್ಲಿ ಈ ಮಾತಿಗೆ ಇಡೀ ಕೋರ್ಟು ನಗುತ್ತದೆ, ಜಡ್ಜು ಕಡತದ ಹಿಂದೆ ಬಾಯಿ ಮುಚ್ಚಿಕೊಳ್ಳುತ್ತಾರೆ, ಮರುಕ್ಷಣ ಸೊಳ್ಳೆ ಡೈಲಾಗು. ಇಲ್ಲಿ ಯಾರೂ ನಗಲಿಲ್ಲ. ಅಕ್ಕನ ಮಗ ಮಾತಾಡುತ್ತಿರುವಾಗಲೇ ತೆರೆಯ ಮೇಲೆ ಆ ಮಧ್ಯಾಹ್ನದ ಲಿಫ್ಟು ಬಂತು. ಖಾಲಿ ಕುರ್ಚಿ. ಜಾಲರಿಗೆ ದಾರದಲ್ಲಿ ತಗಲಿಸಿದ ಒಂದು ಹಲಗೆ. ಅದರ ಮೇಲೆ ‘ಲಿಫ್ಟ್ ಕೆಟ್ಟಿದೆ’. ಹಲಗೆ ಗಾಳಿಗೆ ಒಂದಿಷ್ಟು ಅಲ್ಲಾಡಿತು.

"ಸುಳ್ಳು!" ಮಗಳು ಪೆನ್ನು ಎತ್ತಿಕೊಂಡಳು. "ಇದೊಂದಕ್ಕೇ ಕ್ಷಮೆ ಕೇಳಿಸಬಹುದು. ಬರ್ಕೋತೀನಿ ಅಪ್ಪ. ‘ಬೋರ್ಡು: ಸಿನಿಮಾದಲ್ಲಿಲ್ಲ, ಸೀರಿಯಲ್ಲಿನಲ್ಲಿದೆ. ಸರಿ: ಸಿನಿಮಾ.’ ಅಲ್ವಾ?"

ತಿರುಗಿ ನೋಡಿದರೆ ಸೋಫಾ ಖಾಲಿ. ಅಪ್ಪ ಬಚ್ಚಲಲ್ಲಿದ್ದ. ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಬಂದ ಮೇಲೆ ಕೇಳಿದಳು. "ಅದನ್ನ ಆಮೇಲೆ ನೋಡೋಣ ಪುಟ್ಟೀ" ಅಂದ. ಮುಖ ಒರೆಸಿಕೊಂಡಿರಲಿಲ್ಲ, ಗಲ್ಲದಿಂದ ನೀರು ಇಳಿಯುತ್ತಿತ್ತು. ಪಟ್ಟಿಯ ಹದಿನೇಳನೇ ಸಾಲು ಖಾಲಿ ಉಳಿಯಿತು.

ಮಾರನೇ ದಿನ ಸಿನಿಮಾದ ಕೋರ್ಟು ದೃಶ್ಯ ಹಾಕಿದಳು. ಸೊಳ್ಳೆ ಡೈಲಾಗಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅಪ್ಪ. ಅವತ್ತು ಎಲ್ಲರೂ ನಕ್ಕು ಮುಗಿಸಿದ ಮೇಲೆ, ಏನೋ ನೆನಪಾದಂತೆ, ಒಂದು ಸಲ "ಹ" ಅಂದ.

ಕಟ್ಟಡದಲ್ಲಿ ಗಾಳಿ ಬದಲಾಗುತ್ತಲೇ ಹೋಯಿತು. ಆರನೇ ಕಂತಿನ ಹೊತ್ತಿಗೆ ಕೆಳಗೆ ಲಿಫ್ಟಿನ ಪಕ್ಕ ನಿವಾಸಿಗಳ ಸಂಘದ ಒಂದು ಸೂಚನೆ ಅಂಟಿತು: ‘ಹೊರಗಿನ ಹಿರಿಯರು ಲಿಫ್ಟ್ ಬಳಸುವಾಗ ಮನೆಯವರು ಜೊತೆಗಿರತಕ್ಕದ್ದು.’ ಆ ಕಟ್ಟಡಕ್ಕೆ ಹೊರಗಿನಿಂದ ಬರುವ ಹಿರಿಯ ಒಬ್ಬನೇ. ಲಿಫ್ಟಪ್ಪ ಅದನ್ನು ಎರಡು ಸಲ ಓದಿ, ಮೆಟ್ಟಿಲು ಹಿಡಿದ. ಎಪ್ಪತ್ತರ ಮಂಡಿ ಇಟ್ಟುಕೊಂಡು ಆರು ಮಹಡಿ.

"ಲಿಫ್ಟ್ ಕೆಟ್ಟಿತ್ತಾ ಮಾವ?" ಬಾಗಿಲು ತೆರೆದ ಅಳಿಯ ಕೇಳಿದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಎಂಟನೇ ಕಂತಿನಲ್ಲಿ ಬೋರ್ಡು ಮತ್ತೆ ಬಂತು. ಈ ಸಲ ಅಪ್ಪ ಬಂದಿರಲಿಲ್ಲ, ಮಂಡಿ ನೋವು ಅಂದಿದ್ದ. ಅಮ್ಮ ಒಬ್ಬಳೇ ಬಂದು, ಅವರೆಕಾಳು ಸುಲಿಯುತ್ತ ಕೂತಿದ್ದಳು.

"ನಿಮ್ಮಪ್ಪನ ಬೋರ್ಡು ಇನ್ನೂ ಚೆನ್ನಾಗಿತ್ತು" ಅಂದಳು. "ಕೆಂಪು ಬಣ್ಣ. ಈಗಲೂ ನಮ್ಮ ಅಟ್ಟದ ಮೇಲಿದೆ. ಲಿಫ್ಟು ಬದಲಾಯಿಸಿದಾಗ ಬಿಸಾಕ್ತಿದ್ರು ಅಂತ ತಂದಿಟ್ಕೊಂಡ್ರು."

"ಅದು ಲಿಫ್ಟು ಕೆಟ್ಟಾಗ ತಗಲಿಸೋದಲ್ವಾ ಅಮ್ಮ?"

"ಲಿಫ್ಟು ವರ್ಷಕ್ಕೊಂದ್ಸಲ ಕೆಡೋದು. ಹೊಟ್ಟೆ ದಿನಾ ಕೆಡುತ್ತಲ್ಲ!" ಅಮ್ಮ ಸಿಪ್ಪೆ ಪಕ್ಕಕ್ಕೆ ತಳ್ಳಿದಳು. "ಆ ಬೀದಿ ಲಿಫ್ಟಿನೋರೆಲ್ಲ ಹಾಗೇನೇ. ಊಟಕ್ಕೆ ಹೋದ್ರೂ ಅದೇ ಬೋರ್ಡು, ಉಚ್ಚೆಗೆ ಹೋದ್ರೂ ಅದೇ ಬೋರ್ಡು. ಮನುಷ್ಯ ಇಲ್ಲ ಅಂದ್ರೆ ಮಾಲೀಕರು ಬೈತಾರೆ, ಯಂತ್ರ ಕೆಟ್ಟಿದೆ ಅಂದ್ರೆ ಯಾರನ್ನ ಬೈತಾರೆ? ‘ಲಿಫ್ಟಿನವನು ಕಕ್ಕಸಿಗೆ ಹೋಗಿದ್ದಾನೆ’ ಅಂತ ಯಾರಾದ್ರೂ ಬೋರ್ಡು ಬರೆಸಿಕೊಡ್ತಾರೇನೇ?"

ಅಳಿಯ ಜೋರಾಗಿ ನಕ್ಕ. ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳು ನೋಟ್‌ಬುಕ್ಕಿನ ಹದಿನೇಳನೇ ಸಾಲಿನ ಮೇಲೆ ಪೆನ್ನು ಊರಿ ಕೂತಿದ್ದಳು. ಕಾಗದದ ಮೇಲೆ ಶಾಯಿ ಹರಡುತ್ತಿತ್ತು. ಐದು ನಿಮಿಷದ ಕೆಲಸಕ್ಕೆ ತಗಲಿಸಿರಬಹುದು, ಐದು ನಿಮಿಷದಲ್ಲಿ ಯಾರು ಐದು ಮಹಡಿ ಹತ್ತಿ ಇಳಿಯುತ್ತಾರೆ ಅಂತ ತನಗೆ ತಾನೇ ಹೇಳಿಕೊಂಡಳು. ಲೆಕ್ಕ ಸರಿಯಾಗಿತ್ತು. ಮನಸ್ಸು ಒಪ್ಪಲಿಲ್ಲ.

ಕೊನೆಯ ಕಂತಾದ ಮಾರನೇ ದಿನ ಪೇಪರಿನಲ್ಲಿ ಆ ಅಕ್ಕನ ಮಗನ ಸಂದರ್ಶನ ಬಂತು. ಈಗ ಐವತ್ತೆಂಟು. ಒಂದು ಓಣಿಯಲ್ಲಿ ಕೊಡೆ, ಬ್ಯಾಗು, ಜಿಪ್ಪು ರಿಪೇರಿ ಮಾಡುತ್ತಾನೆ. ಫೋಟೋದಲ್ಲಿ ಹುರಿಮೀಸೆಯೂ ಇಲ್ಲ, ಕರುವಿನ ಕಣ್ಣೂ ಇಲ್ಲ. ಬೋಳುತಲೆಯ, ಕನ್ನಡಕ ಹಣೆಗೇರಿಸಿಕೊಂಡ ಯಾರೋ ಒಬ್ಬ. ಹೆಸರಿನ ಕಳಂಕ ತೊಳೆಯಲು ವಕೀಲರೊಬ್ಬರು ಮತ್ತೆ ಅರ್ಜಿ ಹಾಕುತ್ತಿದ್ದಾರಂತೆ. ಸಿನಿಮಾ ಚೆನ್ನಾಗಿತ್ತೋ ಸೀರಿಯಲ್ಲು ಚೆನ್ನಾಗಿದೆಯೋ ಅಂತ ವರದಿಗಾರ ಕೇಳಿದ್ದಕ್ಕೆ ಅವನು ಹೇಳಿದ್ದು: "ಸಿನಿಮಾ ನೋಡಿಲ್ಲ, ಆಗ ಒಳಗಿದ್ದೆ. ಸೀರಿಯಲ್ಲು ನೋಡೋಕೆ ನನ್ನ ಹತ್ರ ಟೀವಿ ಇಲ್ಲ. ನನಗೆ ಅವೆರಡೂ ಬೇಡ. ಬೋರ್ಡಿತ್ತು ಅಂತ ಒಬ್ಬರು ಹೇಳಿದ್ರೆ ಸಾಕು."

ಮಗಳು ಆ ಪೇಪರನ್ನು ನಾಲ್ಕಾಗಿ ಮಡಚಿ ಬೀರುವಿನಲ್ಲಿಟ್ಟಳು. ಅಪ್ಪನ ಮನೆಗೂ ಅದೇ ಪೇಪರು ಬರುತ್ತದೆ ಅನ್ನುವುದು ಅವಳಿಗೆ ಆಮೇಲೆ ಹೊಳೆಯಿತು. ಆದರೂ ಪತ್ರ ಬರೆದಳು. ಒಂದು ವಾರ ತಿದ್ದಿದಳು. ಟೀವಿ ಕಂಪನಿಗೊಂದು, ನಿವಾಸಿಗಳ ಸಂಘಕ್ಕೊಂದು, ಪೇಪರಿಗೊಂದು ಪ್ರತಿ. ಅಪ್ಪನ ಸಹಿ ಒಂದು ಬಿದ್ದರೆ ಮುಗಿಯಿತು, ಟೀಚರಮ್ಮ ಮತ್ತೆ ನಮಸ್ಕಾರ ಅನ್ನುತ್ತಾರೆ, ಅಪ್ಪ ಮತ್ತೆ ಲಿಫ್ಟಿನಲ್ಲಿ ಬರುತ್ತಾನೆ.

ಭಾನುವಾರ ಮಧ್ಯಾಹ್ನ ಅಪ್ಪ ಬಂದ. ಮೆಟ್ಟಿಲಲ್ಲೇ ಬಂದ. ಅಮ್ಮ ಒಳಗೆ ಅಡ್ಡಾಗಿದ್ದಳು, ಅಳಿಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ. ಊಟದ ಮೇಜಿನ ಮೇಲೆ ಪತ್ರ ಬಿಡಿಸಿ ಮಗಳು ಗಟ್ಟಿಯಾಗಿ ಓದಿದಳು. "‘…ಆ ದಿನ ಮಧ್ಯಾಹ್ನ ನಮ್ಮ ತಂದೆಯವರು ಲಿಫ್ಟಿನ ಬಳಿಯಿಂದ ಕ್ಷಣಮಾತ್ರವೂ ಕದಲಲಿಲ್ಲ. ಸದರಿ ಧಾರಾವಾಹಿಯು…’"

"ಕ್ಷಣಮಾತ್ರವೂ ತೆಗಿ" ಅಂದ ಅಪ್ಪ.

"ಹೌದು, ಸ್ವಲ್ಪ ನಾಟಕದ ಥರ ಆಯ್ತು." ಗೆರೆ ಎಳೆದಳು.

"ಕದಲಲಿಲ್ಲ ಅನ್ನೋದೂ ತೆಗಿ."

ಅವಳ ಪೆನ್ನು ನಿಂತಿತು. "ಅದನ್ನ ತೆಗೆದ್ರೆ ವಾಕ್ಯದಲ್ಲಿ ಉಳಿಯೋದೇನು? ‘ಆ ದಿನ ಮಧ್ಯಾಹ್ನ ನಮ್ಮ ತಂದೆಯವರು ಲಿಫ್ಟಿನ ಬಳಿಯಿಂದ…’"

"ಅಷ್ಟೇ ಇರಲಿ."

ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಕೊಡವಿದ ಸದ್ದು ಕೇಳಿತು. ಅಪ್ಪ ಮೇಜಿನ ಅಂಚನ್ನು ಹಿಡಿದುಕೊಂಡಿದ್ದ, ಹಿತ್ತಾಳೆಯ ಹಿಡಿಯನ್ನು ಹಿಡಿದ ಹಾಗೆ.

"ಬೋರ್ಡಿತ್ತಾ ಅಪ್ಪ?"

"ಇತ್ತು."

"ಎಷ್ಟೊತ್ತು?"

"ಎರಡೂವರೆಗೆ ತಗಲಿಸಿದೆ. ಬಂದು ತೆಗೆದಾಗ ಐದೂವರೆ. ಮಧ್ಯಾಹ್ನದ ನಿದ್ದೆ ಹೊತ್ತು, ಬೇರೆ ಯಾರೂ ನೋಡಿರಲಿಲ್ಲ, ಅವನೊಬ್ಬನೇ ನೋಡಿದ್ದು." ಅವನ ದನಿ ಸಣ್ಣಗಾಯಿತು. "ಪೊಲೀಸಿನೋರು ಕೇಳಿದಾಗ ಮಾಲೀಕರು ನನ್ನ ಪಕ್ಕದಲ್ಲೇ ನಿಂತಿದ್ರು. ಇಲ್ಲೇ ಇದ್ದೆ ಸ್ವಾಮಿ ಅಂದ್ಬಿಟ್ಟೆ. ಕೆಲಸ ಉಳಿದ್ರೆ ಸಾಕು ಅನ್ನೋದಷ್ಟೇ ತಲೇಲಿದ್ದಿದ್ದು. ಅದರಿಂದ ಅವನ ಕುತ್ತಿಗೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ. ಹೊಳೆದಾಗ ಮೂರು ಸಲ ಹೇಳಾಗಿತ್ತು. ಮಹಡಿಗೆ ಸರಿಯಾಗಿ ನಿಲ್ಲಿಸೋಕೆ ಬರೋನಿಗೆ ಅದೊಂದನ್ನ ನಿಲ್ಲಿಸೋಕೆ ಬರಲಿಲ್ಲ ಪುಟ್ಟೀ. ಆಮೇಲೆ ಸಿನಿಮಾ ಬಂತು. ಅಷ್ಟು ಜನ ನಕ್ಕರು. ಆ ದಪ್ಪನೆಯವನು ಹೇಳಿದ್ದೇ ನಿಜ ಇರಬೇಕು ಅಂತ ನಾನೂ ನಕ್ಕೆ."

ಮಗಳು ಸೊಳ್ಳೆ ಅಂತ ಕರೆಸಿಕೊಂಡ ವರ್ಷಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹಿಂದಕ್ಕೆ ನಡೆದು ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇಲ್ಲಿ ಒಲೆ ಉರಿಯಲು ಮೂವತ್ತನಾಲ್ಕು ವರ್ಷ ಬೇಕಾಯಿತು, ಅಷ್ಟರಲ್ಲಿ ಒಬ್ಬನ ಬದುಕೇ ಬೂದಿ.

"ಇದನ್ನ ಹರಿ" ಅಂದ ಅಪ್ಪ. "ಇನ್ನೊಂದು ಬರಿ. ಅವನ ವಕೀಲರಿಗೆ. ಬೋರ್ಡಿತ್ತು, ನಾನಿರಲಿಲ್ಲ, ಕೋರ್ಟಲ್ಲಿ ಹೇಳಿದ್ದು ಸುಳ್ಳು ಅಂತ. ಸಹಿ ಹಾಕ್ತೀನಿ. ಬೋರ್ಡನ್ನೂ ಅಟ್ಟದಿಂದ ಇಳಿಸಿಟ್ಟಿದ್ದೀನಿ, ಬೇಕಾದ್ರೆ ತಗೊಂಡು ಹೋಗಲಿ."

"ಜೈಲಿಗೆ ಹಾಕಿದ್ರೆ?"

"ಅಲ್ಲಿ ಲಿಫ್ಟ್ ಇರಲ್ಲ. ಆರಾಮ."

ಅವಳು ನಗಲಿಲ್ಲ. ಹೊಸ ಹಾಳೆ ತೆಗೆದು ತಾರೀಕು ಹಾಕಿದಳು. ಎರಡು ಸಾಲು ಬರೆದಳು. ಮೂರನೇ ಸಾಲಿಗೆ ಕೈ ತಡೆಯಿತು. ಮೂರು ಗಂಟೆ ಲಿಫ್ಟು ಬಿಟ್ಟು ಹೋದ ಮನುಷ್ಯ ಎಲ್ಲಿಗಾದರೂ ಹೋಗಿರಲೇಬೇಕು. ಸಣ್ಣಪುಟ್ಟ ಕಾರಣಕ್ಕೆ ಹೋಗಿರಲಾರ. ಆ ವರ್ಷ ತನಗೆ ಜ್ವರ ಬಂದು ಶಾಲೆಯಿಂದ ಯಾರೋ ಎತ್ತಿಕೊಂಡು ಬಂದಿದ್ದರು. ಅದೇ ವರ್ಷ ಅಮ್ಮ ಗರ್ಭಪಾತವಾಗಿ ಆಸ್ಪತ್ರೆಯಲ್ಲಿದ್ದಳು. ಅವೆರಡರಲ್ಲಿ ಒಂದಾಗಿದ್ದರೆ ಸಾಕು. ಬರೆಯಬಹುದು, ಓದಿದವರು ಒಂದು ಗಳಿಗೆ ತಲೆ ತಗ್ಗಿಸಬಹುದು.

"ಎಲ್ಲಿಗೆ ಹೋಗಿದ್ದೆ ಅಂತ ಬರೀಲಿ ಅಪ್ಪ?" ಅಂದಳು. "ನನಗೆ ಜ್ವರ ಬಂದಿತ್ತಲ್ಲ, ಅವತ್ತಾ? ಇಲ್ಲ ಅಮ್ಮ ಆಸ್ಪತ್ರೆಯಲ್ಲಿದ್ದಾಗಾ?"

ಅಪ್ಪ ಅವಳ ಮುಖ ನೋಡಿದ. ಮಗಳು ಬಾಗಿಲು ತೆರೆದು ಹಿಡಿದಿದ್ದಾಳೆ, ಯಾವ ಮಹಡಿ ಅಂತ ಹೇಳಿದರೆ ಸಾಕು, ಇಳಿಸಿಬಿಡುತ್ತಾಳೆ ಅನ್ನುವುದು ಅವನಿಗೆ ತಿಳಿಯಿತೋ ಏನೋ. ಕೆರೆದುಕೊಳ್ಳಲು ಏನೂ ಇಲ್ಲದ ಗಲ್ಲ ಕೆರೆದುಕೊಂಡ.

"ಮ್ಯಾಟಿನಿಗೆ ಹೋಗಿದ್ದೆ" ಅಂದ. "ಯಾವ ಸಿನಿಮಾನೋ ಗೊತ್ತಿಲ್ಲ. ಫ್ಯಾನಿನ ಕೆಳಗೆ ಸೀಟು ಸಿಕ್ತು, ನಿದ್ದೆ ಮಾಡಿಬಿಟ್ಟೆ."